ಜಗತ್ತಿನಲ್ಲಿ ಎರಡೇ ಇದ್ದ ವಾಹನ: ಮಾದರಿ ಮಾಡುವಾಗ ಯಾವ ನಕ್ಷೆಯನ್ನು ನಂಬಬೇಕು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಿವೃತ್ತನಾದ ಮೇಲೆ ಸ್ಕೇಲ್ ಮಾಡೆಲ್ ಮಾಡುವ ಹವ್ಯಾಸ ಹಿಡಿದಿದೆ. ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕ್ ಬೇಟೆ ವಾಹನ ‘ಷ್ಟೂರರ್ ಎಮಿಲ್’ನ 1/35 ಅಳತೆಯ ಕಿಟ್ ಎಂಟು ತಿಂಗಳಿಂದ ಮೇಜಿನ ಮೇಲಿದೆ. ಮುಂದಕ್ಕೆ ಹೋಗಲು ಧೈರ್ಯ ಬರುತ್ತಿಲ್ಲ. ನನ್ನ ಬಳಿ ಮೂರು ನಕ್ಷೆಗಳಿವೆ. ಎರಡರಲ್ಲಿ ಅಳತೆ ಒಂದೇ, ಮೂರನೆಯದರಲ್ಲಿ ಒಡಲು ನಾಲ್ಕು ಮಿಲಿಮೀಟರ್ ಹೆಚ್ಚು ಉದ್ದ. ಇತರರು ಮಾಡಿದ ಮಾದರಿಗಳಲ್ಲಿ ಕೆಲವು ಕಡು ಬೂದು, ಕೆಲವು ಹಳದಿ. ಒಳಭಾಗಕ್ಕೆ ದಂತದ ಬಣ್ಣ ಹಾಕಬೇಕೆಂದು ಒಬ್ಬರು ಹೇಳಿದರು. ರಷ್ಯಾದ ಕುಬಿಂಕಾದ ಟ್ಯಾಂಕ್ ಸಂಗ್ರಹಾಲಯದಲ್ಲಿ ಉಳಿದಿರುವ ವಾಹನವನ್ನೇ ನೋಡಿ ಮಾಡಿ, ವಾದ ಮುಗಿಯಿತು ಎಂದು ಇನ್ನೊಬ್ಬರು. ಬೇರೆ ಲೋಹದ ನಳಿಗೆ, ಬೇರೆ ಟ್ರ್ಯಾಕ್ ಕೊಂಡರೆ ಕಿಟ್‌ನಷ್ಟೇ ಖರ್ಚಾಗುತ್ತದೆ. ಅದು ಬೇಕೇ? ಇದರ ನಡುವೆ ಒಂಬತ್ತು ವರ್ಷದ ಮೊಮ್ಮಗಳು ಕೇಳಿದಳು: ‘ಅಜ್ಜಾ, ಕೆಟ್ಟವರ ಗಾಡಿಯನ್ನು ಯಾಕೆ ಮಾಡುತ್ತೀಯ?’ ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ: ನಿಮ್ಮ ಕೈ ಕಟ್ಟಿಹಾಕಿರುವುದು ನಾಲ್ಕು ಮಿಲಿಮೀಟರ್ ಅಲ್ಲ, ತಪ್ಪು ಮಾಡಿಬಿಟ್ಟರೆ ಎಂಬ ಅಂಜಿಕೆ. ಅಪರೂಪದ ವಾಹನಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಇದು ಬರುತ್ತದೆ. ಸಾವಿರಾರು ತಯಾರಾದ ಟ್ಯಾಂಕಿನ ಮಾದರಿಯಲ್ಲಿ ಒಂದು ಬೋಲ್ಟ್ ಆಚೀಚೆಯಾದರೆ ‘ಯಾವುದೋ ಒಂದರಲ್ಲಿ ಹಾಗಿತ್ತು’ ಎನ್ನಬಹುದು. ಎಮಿಲ್‌ನಲ್ಲಿ ಆ ಆಸರೆ ಇಲ್ಲ. ತಯಾರಾದದ್ದೇ ಎರಡು.

ಆದರೆ ಅದೇ ಕಾರಣಕ್ಕೆ ಕೆಲಸ ಒಂದು ರೀತಿಯಲ್ಲಿ ಸುಲಭವೂ ಹೌದು. ‘ಷ್ಟೂರರ್ ಎಮಿಲ್ ಹೇಗಿತ್ತು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ‘ಈ ಎರಡರಲ್ಲಿ ಇದು, ಈ ಛಾಯಾಚಿತ್ರ ತೆಗೆದ ದಿನ ಹೇಗಿತ್ತು’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ವಾಹನದ ಹೆಸರನ್ನು ಹಿಡಿದು ಮಾದರಿ ಮಾಡಬಾರದು, ದಿನಾಂಕವನ್ನು ಹಿಡಿದು ಮಾಡಬೇಕು. ಈ ಪಾಠವನ್ನು ನಾನು ಕಲಿತದ್ದು ‘ಫರ್ಡಿನಾಂಡ್’ ಎಂಬ ಇನ್ನೊಂದು ಭಾರೀ ವಾಹನದಿಂದ. 1943ರ ಜುಲೈಯ ಕುರ್ಸ್ಕ್ ಕದನದ ಗುರುತುಗಳನ್ನೆಲ್ಲ ಬರೆದು, ಒಡಲಿಗೆ ಮಾತ್ರ 1944ರ ಇಟಲಿಯ ಚಿತ್ರಗಳಲ್ಲಿ ಕಾಣುವ ‘ಝಿಮ್ಮರಿಟ್’ ಲೇಪ ಹಚ್ಚಿದ್ದೆ. ಕಾಂತದಿಂದ ಅಂಟುವ ಸಿಡಿಮದ್ದು ಹಿಡಿಯದಿರಲೆಂದು ಬಳಿಯುತ್ತಿದ್ದ ಗಾರೆಯಂಥ ಲೇಪ ಅದು. ತಯಾರಾದ 91 ಫರ್ಡಿನಾಂಡ್‌ಗಳಲ್ಲಿ ಉಳಿದವನ್ನು ಕುರ್ಸ್ಕ್ ಮುಗಿದ ಮೇಲೆ ಕಾರ್ಖಾನೆಗೆ ಒಯ್ದು ಮುಂಭಾಗಕ್ಕೆ ಮಷಿನ್ ಗನ್, ಮೇಲೆ ಕಮಾಂಡರನ ಗುಮ್ಮಟ ಸೇರಿಸಿ, ಆ ಲೇಪ ಬಳಿದರು. ಆಮೇಲೆ ಅದರ ಹೆಸರೂ ‘ಎಲೆಫಾಂಟ್’ ಎಂದು ಬದಲಾಯಿತು. ನಾನು ಮಾಡಿದ್ದು ಯಾವ ದಿನವೂ ಭೂಮಿಯ ಮೇಲೆ ಇಲ್ಲದಿದ್ದ ವಾಹನ. ಆರು ತಿಂಗಳ ಕೆಲಸವನ್ನು ಬಿಚ್ಚಿ ಮತ್ತೆ ಮಾಡಿದೆ.

ಈಗ ನಿಮ್ಮ ಮೂರು ನಕ್ಷೆಗಳು. ಎರಡು ಒಂದೇ ಹೇಳುತ್ತವೆ, ಆದ್ದರಿಂದ ಬಹುಮತ ಅವುಗಳದ್ದು ಎಂದು ನಿಮ್ಮ ಮನಸ್ಸು ಅತ್ತ ವಾಲಿರಬಹುದು. ನಮ್ಮಲ್ಲಿ ಹಳಗನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಸಂಪಾದಿಸಿದ ವಿದ್ವಾಂಸರು ಈ ಬಲೆಗೆ ಬೀಳುತ್ತಿರಲಿಲ್ಲ. ಹತ್ತು ಪ್ರತಿಗಳಲ್ಲಿ ಒಂದೇ ಪಾಠವಿದ್ದು, ಆ ಹತ್ತೂ ಒಂದೇ ಪ್ರತಿಯಿಂದ ನಕಲಾಗಿದ್ದರೆ ಅದು ಒಂದೇ ಸಾಕ್ಷಿ. ಅದನ್ನು ಕಂಡುಹಿಡಿಯುವುದು ಹೇಗೆ? ಸರಿಯಾದ ಪಾಠಗಳಿಂದಲ್ಲ, ಸಮಾನ ತಪ್ಪುಗಳಿಂದ. ಇಬ್ಬರು ಲಿಪಿಕಾರರು ಒಂದೇ ಸಾಲಿನಲ್ಲಿ ಒಂದೇ ಅಕ್ಷರವನ್ನು ತಪ್ಪಿದ್ದರೆ ಒಬ್ಬ ಇನ್ನೊಬ್ಬನನ್ನು ನೋಡಿ ಬರೆದಿದ್ದಾನೆ, ಇಲ್ಲವೇ ಇಬ್ಬರೂ ಮೂರನೆಯವನನ್ನು ನೋಡಿದ್ದಾರೆ. ನಕ್ಷೆಗಳಿಗೂ ಇದೇ ಪರೀಕ್ಷೆ. ಆ ಎರಡು ನಕ್ಷೆಗಳಲ್ಲಿ ಛಾಯಾಚಿತ್ರಕ್ಕೆ ಸ್ಪಷ್ಟವಾಗಿ ವಿರುದ್ಧವಾಗಿರುವ ಒಂದು ಸಣ್ಣ ಅಂಶ ಹುಡುಕಿ: ಇಲ್ಲದ ಕೊಂಡಿ, ಹೆಚ್ಚಾದ ಬೋಲ್ಟ್, ತಪ್ಪಾದ ಕಡೆಗೆ ತೆರೆಯುವ ಮುಚ್ಚಳ. ಎರಡರಲ್ಲೂ ಅದೇ ತಪ್ಪು ಇದ್ದರೆ ಅವು ಒಂದೇ ತಾಯಿಯ ಮಕ್ಕಳು.

ಎಮಿಲ್‌ನ ಉದ್ದದಲ್ಲಿ ಗೊಂದಲ ಏಳಲು ಅದರ ಹುಟ್ಟಿನಲ್ಲೇ ಕಾರಣವಿದೆ. ‘ಟೈಗರ್’ ಎಂಬ ಹೆಸರಾಂತ ಜರ್ಮನ್ ಟ್ಯಾಂಕ್ ಬರುವ ಮುಂಚೆ ಹೆನ್‌ಷೆಲ್ ಕಂಪನಿ 30 ಟನ್ ದರ್ಜೆಯ ವಿ.ಕೆ. 30.01 ಎಂಬ ಟ್ಯಾಂಕನ್ನು ರೂಪಿಸುತ್ತಿತ್ತು. ಆ ಯೋಜನೆ ಕೈಬಿಟ್ಟಾಗ ಒಡಲುಗಳು ಉಳಿದವು. 1941ರಲ್ಲಿ ಆದೇಶವಾಗಿ, ಅಂಥ ಎರಡು ಒಡಲುಗಳ ಮೇಲೆ ರೈನ್‌ಮೆಟಾಲ್ ಕಂಪನಿಯ 12.8 ಸೆಂಟಿಮೀಟರ್ ತೋಪನ್ನು ಕೂರಿಸಿದರು. ಆ ತೋಪು ವಿಮಾನ ಹೊಡೆಯುವ ತೋಪಿನ ವಂಶದ್ದು. ಅಷ್ಟು ದೊಡ್ಡ ಆಯುಧಕ್ಕೆ ಜಾಗವಾಗಲೆಂದು ಎಂಜಿನನ್ನು ಹಿಂದಿನಿಂದ ನಡುವಿಗೆ ತಂದರು, ಒಡಲನ್ನೇ ಹಿಗ್ಗಿಸಿದರು. ಹೀಗಾಗಿ ಮೂಲ ವಿ.ಕೆ. ಒಡಲಿನ ಅಳತೆ ಬೇರೆ, ಎಮಿಲ್‌ನ ಅಳತೆ ಬೇರೆ. ನಕ್ಷೆ ಬರೆದವರು ಕೈಗೆ ಸಿಕ್ಕ ಮೂಲ ಒಡಲಿನ ಅಳತೆಯಿಂದ ಆರಂಭಿಸಿ, ಹಿಗ್ಗಿಸಿದ ಭಾಗವನ್ನು ಕಣ್ಣಳತೆಯಲ್ಲಿ ಸೇರಿಸಿದ್ದರೆ ವ್ಯತ್ಯಾಸ ಬಂದೇ ಬರುತ್ತದೆ. ನಿಮ್ಮ ನಾಲ್ಕು ಮಿಲಿಮೀಟರ್ ಎಂದರೆ ನಿಜ ವಾಹನದಲ್ಲಿ 14 ಸೆಂಟಿಮೀಟರ್. ಕಣ್ಣಳತೆಯಲ್ಲಿ ಅಷ್ಟು ತಪ್ಪುವುದು ದೊಡ್ಡ ಸಂಗತಿಯೇನಲ್ಲ.

ಮೂಲ ದಾಖಲೆಗಳೇ ಯಾಕೆ ಸಿಗುವುದಿಲ್ಲ ಎಂದು ನೀವು ಕೇಳಬಹುದು. ಎರಡು ವಾಹನಗಳಿಗಾಗಿ ಯಾರೂ ಸಾವಿರಾರು ಹಾಳೆಗಳ ಉತ್ಪಾದನಾ ನಕ್ಷೆ ಮಾಡುವುದಿಲ್ಲ. ಕಾರ್ಖಾನೆಯ ನೆಲದ ಮೇಲೆ ಕೊರೆದು, ಕತ್ತರಿಸಿ, ಬೆಸೆದು ಮುಗಿಸುತ್ತಾರೆ. ಇದ್ದ ಕಾಗದಗಳಲ್ಲೂ ಎಷ್ಟೋ ಸುಟ್ಟುಹೋದವು: 1945ರ ಏಪ್ರಿಲ್ 14ರ ರಾತ್ರಿ ಪಾಟ್ಸ್‌ಡಾಮ್ ನಗರದ ಮೇಲೆ ಬಾಂಬ್ ಬಿದ್ದಾಗ ಅಲ್ಲಿದ್ದ ಜರ್ಮನ್ ಸೇನಾ ದಾಖಲೆಗಳ ಬಹುಪಾಲು ನಾಶವಾಯಿತು. ಉಳಿದ ಕಡತಗಳಲ್ಲಿ ಅಮೆರಿಕದ ಪಾಲಿಗೆ ಬಂದವನ್ನು ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಮೈಕ್ರೋಫಿಲ್ಮ್ ಮಾಡಿ ಜರ್ಮನಿಗೆ ಹಿಂದಿರುಗಿಸಿದರು. ಸೇನಾ ಮುಖ್ಯ ಕಚೇರಿಯ ಕಡತಗಳ ಸುರುಳಿಗಳಿಗೆ ಅಲ್ಲಿ ‘ಟಿ-78’ ಎಂಬ ಗುರುತಿದೆ. ಜರ್ಮನಿಯಲ್ಲಿ ಸೇನಾ ಕಾಗದಗಳು ಫ್ರೈಬರ್ಗ್‌ನಲ್ಲಿವೆ, ರಾಷ್ಟ್ರೀಯ ದಾಖಲೆ ಸಂಸ್ಥೆಯ ಚಿತ್ರಗಳು ಕೊಬ್ಲೆಂಟ್ಸ್‌ನಲ್ಲಿವೆ. ಆ ಸಂಸ್ಥೆ 2008ರಲ್ಲಿ 80,000ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಮನೆಯಲ್ಲಿ ಕುಳಿತು ದುಡ್ಡಿಲ್ಲದೆ ನೋಡಬಹುದಾದ ನಿಧಿ ಅದು. ಚಿತ್ರವನ್ನು ನಂಬಿ, ಅದರ ಕೆಳಗಿನ ಬರಹವನ್ನು ಪರೀಕ್ಷಿಸಿ. ಅನೇಕ ಬರಹಗಳು ಯುದ್ಧಕಾಲದ ಪ್ರಚಾರ ವಿಭಾಗದವರು ಬರೆದವು, ಊರು ತಿಂಗಳು ತಪ್ಪಿರುವುದುಂಟು.

ನೀವು ಗಣಿತದ ಮೇಷ್ಟರಾದ್ದರಿಂದ ನಿಮಗೆ ಒಂದು ಆಯುಧ ಕೊಡುತ್ತೇನೆ. ಬೇರೆಯವರಿಗೆ ಹೇಳಿದರೆ ಹಿಂಜರಿಯುತ್ತಾರೆ, ನೀವು ಹಿಂಜರಿಯಲಾರಿರಿ. ಓರೆಯಾಗಿ ತೆಗೆದ ಛಾಯಾಚಿತ್ರದಲ್ಲಿ ಉದ್ದ ಉಳಿಯುವುದಿಲ್ಲ, ಅನುಪಾತವೂ ಉಳಿಯುವುದಿಲ್ಲ. ಆದರೆ ಒಂದೇ ಸರಳರೇಖೆಯ ಮೇಲಿನ ನಾಲ್ಕು ಬಿಂದುಗಳ ‘ಅಡ್ಡ ಅನುಪಾತ’ ಉಳಿಯುತ್ತದೆ. ಎ, ಬಿ, ಸಿ, ಡಿ ಎಂಬ ನಾಲ್ಕು ಬಿಂದುಗಳಿದ್ದರೆ ಎ-ಸಿ ಮತ್ತು ಬಿ-ಡಿ ದೂರಗಳ ಗುಣಲಬ್ಧವನ್ನು ಬಿ-ಸಿ ಮತ್ತು ಎ-ಡಿ ದೂರಗಳ ಗುಣಲಬ್ಧದಿಂದ ಭಾಗಿಸಿ. ಸಮದೂರದ ನಾಲ್ಕು ಬಿಂದುಗಳಿಗೆ ಅದು ನಾಲ್ಕನ್ನು ಮೂರರಿಂದ ಭಾಗಿಸಿದಷ್ಟು, ಅಂದರೆ 1.33. ಕ್ಯಾಮೆರಾ ಎಲ್ಲಿಯೇ ನಿಂತಿರಲಿ ಈ ಸಂಖ್ಯೆ ಬದಲಾಗುವುದಿಲ್ಲ. ಎಮಿಲ್‌ನ ಒಡಲಿನ ಬದಿಯಲ್ಲಿ ಒಂದು ಉದ್ದನೆಯ ನೇರ ಅಂಚನ್ನು ಆರಿಸಿ, ಮುಂತುದಿ, ಹಿಂತುದಿ, ನಡುವೆ ಖಚಿತವಾಗಿ ಗುರುತಿಸಬಹುದಾದ ಎರಡು ಜೋಡಣೆಗಳನ್ನು ತೆಗೆದುಕೊಂಡು ಚಿತ್ರದಲ್ಲಿ ಲೆಕ್ಕ ಹಾಕಿ. ಅದೇ ನಾಲ್ಕು ಬಿಂದುಗಳನ್ನು ಮೂರೂ ನಕ್ಷೆಗಳಲ್ಲಿ ಅಳೆಯಿರಿ. ಒಂದೇ ಚಿತ್ರದಿಂದ ತೀರ್ಮಾನಿಸಬೇಡಿ, ಕನಿಷ್ಠ ಮೂರು ಚಿತ್ರಗಳಿಂದ ಮಾಡಿ. ಮಸುಕಾದ ಅಂಚನ್ನು ಅಳೆಯುವಾಗ ಆಗುವ ತಪ್ಪು ಆಗ ತಾನೇ ಕಾಣಿಸಿಕೊಳ್ಳುತ್ತದೆ. ಚಿತ್ರಗಳೊಂದಿಗೆ ಹೊಂದುವ ನಕ್ಷೆ ಒಂಟಿಯಾಗಿದ್ದರೂ ಅದನ್ನೇ ಹಿಡಿಯಿರಿ. ಚಕ್ರಗಳ ನಡುಬಿಂದುಗಳನ್ನು ಮಾತ್ರ ಬಳಸಬೇಡಿ. ಈ ವಾಹನದ ಚಕ್ರಗಳು ಒಂದರ ಮೇಲೊಂದು ಹಾಯುವಂತೆ ಬೇರೆ ಬೇರೆ ಸಾಲಿನಲ್ಲಿವೆ, ಜೊತೆಗೆ ನೆಲದ ಏರುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತವೆ.

ಕುಬಿಂಕಾದ ಮಾತಿಗೆ ಬರೋಣ. ಮಾಸ್ಕೋದಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದ ಆ ಸಂಗ್ರಹದಲ್ಲಿ ಉಳಿದ ಏಕೈಕ ಎಮಿಲ್ ಇದೆ. 521ನೆಯ ಟ್ಯಾಂಕ್ ಬೇಟೆ ದಳದೊಂದಿಗೆ 1942ರಲ್ಲಿ ಪೂರ್ವದ ರಣರಂಗಕ್ಕೆ ಹೋದ ಎರಡರಲ್ಲಿ ಒಂದು ನಾಶವಾಯಿತು, ಇನ್ನೊಂದು 1943ರ ಜನವರಿಯಲ್ಲಿ ಸ್ಟಾಲಿನ್‌ಗ್ರಾಡ್ ಪ್ರದೇಶದಲ್ಲಿ ಸೋವಿಯತ್ ಸೇನೆಯ ಕೈಗೆ ಸಿಕ್ಕಿತು. ಆ ಉಕ್ಕು ಅಸಲಿ ಎಂಬುದರಲ್ಲಿ ಸಂಶಯವಿಲ್ಲ. ಫಲಕದ ದಪ್ಪ, ಬೆಸುಗೆಯ ರೀತಿ, ಬೋಲ್ಟುಗಳ ಜಾಗ ಇವುಗಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆದರೆ ವಸ್ತುಸಂಗ್ರಹಾಲಯಕ್ಕೆ ಬಂದ ವಾಹನ ಬಟ್ಟೆ ಬದಲಿಸಿಕೊಂಡ ಸಾಕ್ಷಿ. ದಶಕಗಳಲ್ಲಿ ಬಣ್ಣ ಬಳಿಯುತ್ತಾರೆ, ಕಳೆದ ಭಾಗದ ಜಾಗಕ್ಕೆ ಮತ್ತೊಂದನ್ನು ಹಾಕುತ್ತಾರೆ. ಅದೇ ಸಂಗ್ರಹದ 188 ಟನ್ನಿನ ‘ಮೌಸ್’ ಟ್ಯಾಂಕನ್ನೇ ನೋಡಿ. ತಯಾರಾದದ್ದು ಎರಡು ಒಡಲು, ಅವುಗಳಲ್ಲಿ ಎರಡನೆಯದಕ್ಕೆ ಮಾತ್ರ ನಿಜವಾದ ಟರೆಟ್, ಅಂದರೆ ತೋಪು ಹೊತ್ತು ತಿರುಗುವ ಗೋಪುರ, ಇತ್ತು. ಜರ್ಮನ್ನರು ಸೋಲುವ ಮುಂಚೆ ಆ ಎರಡನೆಯದನ್ನು ಸ್ಫೋಟಿಸಿದರು. ಸೋವಿಯತ್ ಎಂಜಿನಿಯರುಗಳು ಅದರ ಟರೆಟ್ಟನ್ನು ಮೊದಲನೆಯ ಒಡಲಿನ ಮೇಲೆ ಕೂರಿಸಿ ಒಯ್ದರು. ಇಂದು ಅಲ್ಲಿ ನಿಂತಿರುವ ಆ ಜೋಡಿ ಯುದ್ಧ ನಡೆಯುವಾಗ ಒಂದು ದಿನವೂ ಇರಲಿಲ್ಲ. ಆದ್ದರಿಂದ ಕುಬಿಂಕಾದಿಂದ ಅಳತೆಯನ್ನು ತೆಗೆದುಕೊಳ್ಳಿ, ಬಣ್ಣವನ್ನು ತೆಗೆದುಕೊಳ್ಳಬೇಡಿ.

ಬಣ್ಣದ ಜಗಳವನ್ನು ಬಗೆಹರಿಸುವುದು ಕ್ಯಾಲೆಂಡರ್. ಜರ್ಮನ್ ಸೇನೆ ಶಸ್ತ್ರವಾಹನಗಳ ಮೂಲ ಬಣ್ಣವನ್ನು ಕಡು ಹಳದಿಗೆ ಬದಲಿಸಿದ ಆದೇಶದ ದಿನಾಂಕ 1943ರ ಫೆಬ್ರವರಿ 18. ಸ್ಟಾಲಿನ್‌ಗ್ರಾಡ್‌ನಲ್ಲಿ ಕೊನೆಯ ಜರ್ಮನ್ ತುಕಡಿಗಳು ಶರಣಾದದ್ದು ಫೆಬ್ರವರಿ 2ರಂದು. ಆದೇಶ ಹೊರಡುವ ಹೊತ್ತಿಗೆ ಒಂದು ಎಮಿಲ್ ಗುಜರಿಯಾಗಿತ್ತು, ಇನ್ನೊಂದು ಶತ್ರುವಿನ ವಶದಲ್ಲಿತ್ತು. ಹಳದಿಯ ಮೇಲೆ ಹಸಿರು, ಕಂದು ಪಟ್ಟೆಗಳ ಎಮಿಲ್ ಕಣ್ಣಿಗೆ ಎಷ್ಟೇ ಚೆನ್ನಾಗಿದ್ದರೂ ಚರಿತ್ರೆಯಲ್ಲಿ ಅದಕ್ಕೆ ಜಾಗವಿಲ್ಲ. 1942ರ ಆರಂಭದಲ್ಲಿ ಹೊರಬಂದ ವಾಹನದ ಬಣ್ಣ ಕಡು ಬೂದು, ಜರ್ಮನಿಯ ಬಣ್ಣಪಟ್ಟಿಯ ಇಂದಿನ ಸಂಖ್ಯೆಯಲ್ಲಿ ಆರ್.ಎ.ಎಲ್. 7021.

ಹಾಗಾದರೆ ಕೆಲವು ಚಿತ್ರಗಳಲ್ಲಿ ಅದು ತಿಳಿಯಾಗಿ ಕಾಣುವುದೇಕೆ ಎನ್ನುತ್ತೀರಿ. ರಷ್ಯಾದ ಡಾನ್ ನದಿಯ ಬಯಲಿನ ಬೇಸಿಗೆಯ ಧೂಳು ಹಿಟ್ಟಿನಂತೆ ಹಾರುತ್ತದೆ, ಕಡು ಬೂದಿನ ಮೇಲೆ ಕೂತರೆ ಇಡೀ ವಾಹನ ಮಣ್ಣಿನ ಬಣ್ಣವಾಗುತ್ತದೆ. ಕಪ್ಪು ಬಿಳುಪು ಚಿತ್ರದಿಂದ ಬಣ್ಣ ಓದುವುದಂತೂ ಅಪಾಯದ ಕೆಲಸ. ಇದಕ್ಕೆ ದೊಡ್ಡ ಉದಾಹರಣೆ ಯುದ್ಧದ ಮೊದಲ ವರ್ಷದ್ದು. ಆಗಿನ ಜರ್ಮನ್ ಟ್ಯಾಂಕುಗಳು ಬರಿಯ ಬೂದು ಎಂದೇ ದಶಕಗಳ ಕಾಲ ಎಲ್ಲರೂ ನಂಬಿದ್ದರು. ನಿಜದಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಕಡು ಕಂದು ಪಟ್ಟೆಗಳಿದ್ದವು. ಕಂದು ಮತ್ತು ಬೂದಿನ ಗಾಢತೆ ಎಷ್ಟು ಹತ್ತಿರವೆಂದರೆ ಫಿಲ್ಮಿನಲ್ಲಿ ಎರಡೂ ಒಂದಾಗಿಬಿಟ್ಟವು. 1940ರ ಜುಲೈ ಕೊನೆಯಲ್ಲಿ ಕಂದನ್ನು ಕೈಬಿಡುವ ಆದೇಶ ಬಂತು, ಹಾಗಾಗಿ ನಿಮ್ಮ ಎಮಿಲ್‌ಗೆ ಅದೂ ಬೇಡ.

ಡಬ್ಬಿಯ ಕಡು ಬೂದನ್ನು ಹಾಗೆಯೇ ಹೊಡೆದರೆ ಈ ಅಳತೆಯಲ್ಲಿ ಇದ್ದಿಲಿನಂತೆ ಕಾಣುತ್ತದೆ. ಸ್ವಲ್ಪ ತಿಳಿ ಬೂದು, ಸ್ವಲ್ಪ ನೀಲಿ ಬೆರೆಸಿ ತಿಳಿಯಾಗಿಸಿ, ಮೇಲುಮುಖದ ಫಲಕಗಳಿಗೆ ಇನ್ನೂ ಒಂದು ಹನಿ ತಿಳಿ. ಧೂಳನ್ನು ಮೊದಲ ದಿನದಿಂದಲೇ ಬಣ್ಣದ ಭಾಗವೆಂದು ಎಣಿಸಿ, ಕೊನೆಯಲ್ಲಿ ಚೆಲ್ಲುವ ಪುಡಿಯೆಂದಲ್ಲ. ಇನ್ನು ದಂತದ ಬಣ್ಣ: ಮುಚ್ಚಿದ ಟ್ಯಾಂಕುಗಳ ಒಳಗೆ ಬೆಳಕು ಹೆಚ್ಚಲೆಂದು ಅದನ್ನು ಬಳಿಯುತ್ತಿದ್ದರು. ಎಮಿಲ್‌ನ ಹಿಂಭಾಗ ಮೇಲೆ ಮುಚ್ಚಳವಿಲ್ಲದ ತೆರೆದ ತೊಟ್ಟಿ. ಅದರೊಳಗೆ ಬಿಳಿ ಬಳಿದರೆ ಆಕಾಶದಿಂದ ನೋಡುವ ವಿಮಾನಕ್ಕೆ ಗುರಿ ತೋರಿಸಿದಂತೆ. ತೆರೆದ ವಾಹನಗಳ ಒಳಕ್ಕೂ ಹೊರಗಿನದೇ ಬಣ್ಣ. ನಿಮಗೆ ಸಲಹೆ ಕೊಟ್ಟವರು ಟೈಗರ್‌ನ ನಿಯಮವನ್ನು ಎಮಿಲ್‌ಗೆ ಹಚ್ಚಿದ್ದಾರೆ.

ಈಗ ಖರ್ಚು. ನಿಮ್ಮ ಮುಂದೆ ಮೂರು ದಾರಿಗಳಿವೆ. ಕಿಟ್ ಇದ್ದ ಹಾಗೆಯೇ ಮಾಡಿ ಮುಗಿಸುವುದು ಒಂದು. ಅದರಲ್ಲಿ ನಾಚಿಕೆಯೇನಿಲ್ಲ, ಮುಗಿದ ಮಾದರಿಯಿಂದ ಕಲಿಯುವಷ್ಟು ಮುಗಿಯದ ಮಾದರಿಯಿಂದ ಕಲಿಯಲಾಗದು. ಒಂದು ಛಾಯಾಚಿತ್ರ ಆರಿಸಿ ಅದರಲ್ಲಿ ಕಾಣುವುದನ್ನು ಮಾತ್ರ ತಿದ್ದುವುದು ಎರಡನೆಯದು. ಮೂರನೆಯದು ಒಡಲನ್ನೇ ಕತ್ತರಿಸಿ ಪ್ಲಾಸ್ಟಿಕ್ ಹಾಳೆಯಿಂದ ಉದ್ದಮಾಡುವುದು. ನಿಮಗೆ ಎರಡನೆಯದನ್ನೇ ಹೇಳುತ್ತೇನೆ. ಒಡಲು ಕತ್ತರಿಸಿದರೆ ಎರಡು ಬದಿಗಳ ಚಕ್ರಗಳು ಒಂದು ಸಮತಲದಲ್ಲಿ ನಿಲ್ಲದಿರುವ ಅಪಾಯ ದೊಡ್ಡದು. ನಾಲ್ಕು ಮಿಲಿಮೀಟರ್ ಉದ್ದದ ಕೊರತೆಯನ್ನು ಯಾರೂ ಕಾಣುವುದಿಲ್ಲ, ಒಂದು ಮಿಲಿಮೀಟರ್ ಓರೆಯಾದ ವಾಹನವನ್ನು ಬಾಗಿಲಲ್ಲಿ ನಿಂತವರೂ ಕಾಣುತ್ತಾರೆ. ನಿಮ್ಮ ಅಡ್ಡ ಅನುಪಾತ ಕಿಟ್ ತಪ್ಪೆಂದು ಖಚಿತವಾಗಿ ಹೇಳಿದರೂ ಮೊದಲ ಎಮಿಲ್‌ಗೆ ಗರಗಸ ಹಿಡಿಯಬೇಡಿ.

ದುಡ್ಡು ಖರ್ಚು ಮಾಡುವುದಾದರೆ ನಳಿಗೆಗೆ ಮಾಡಿ. 128 ಮಿಲಿಮೀಟರಿನ 61 ಪಟ್ಟು ಉದ್ದ ಎಂದರೆ 7.8 ಮೀಟರ್, ನಿಮ್ಮ ಮೇಜಿನ ಮೇಲೆ 22 ಸೆಂಟಿಮೀಟರಿಗಿಂತ ಹೆಚ್ಚು. ಇಡೀ ಮಾದರಿಯಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಅಂಟಿಸಿ ಉಜ್ಜುವಾಗ ಅಷ್ಟು ಉದ್ದದ ಕೊಳವೆಯ ದುಂಡು ಕೆಡದಂತೆ ಉಳಿಸುವುದು ಕಷ್ಟ. ಲೇತಿನಲ್ಲಿ ಕಡೆದ ಅಲ್ಯೂಮಿನಿಯಂ ನಳಿಗೆ ಆ ಚಿಂತೆ ತೆಗೆಯುತ್ತದೆ. ಆದರೆ ಅದು ಭಾರ, ಮುಂಭಾಗ ಬಾಗದಂತೆ ತೋಪಿನ ತಳವನ್ನು ಹಿತ್ತಾಳೆ ಕಡ್ಡಿಯಿಂದ ಬಲಪಡಿಸಿ. ಬಾಯಿಯ ರಂಧ್ರ 3.7 ಮಿಲಿಮೀಟರ್ ಇರಬೇಕು, ಕೊಳ್ಳುವ ಮುಂಚೆ ಕೇಳಿ. ಟ್ರ್ಯಾಕ್ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ, ಅರ್ಧ ಧೂಳಿನಡಿ ಹೋಗುತ್ತದೆ. ಅದಕ್ಕಿಂತ ಆ ತೆರೆದ ತೊಟ್ಟಿಯ ಅಂಚನ್ನು ತೆಳ್ಳಗೆ ಉಜ್ಜಿ. 15 ಮಿಲಿಮೀಟರ್ ದಪ್ಪದ ಫಲಕ ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಂಚು ದಪ್ಪವಿದ್ದರೆ ಉಕ್ಕು ಹಲಗೆಯಾಗಿ ಕಾಣುತ್ತದೆ. ಅದಕ್ಕೆ ಬೇಕಾದದ್ದು ಒಂದು ಹಾಳೆ ಉಪ್ಪುಕಾಗದ ಮತ್ತು ಒಂದು ಸಂಜೆ.

ಉಕ್ಕು ಹೇಗೆ ಕಾಣುತ್ತದೆ ಎಂದು ತಿಳಿಯಲು ರಷ್ಯಾಕ್ಕೆ ಹೋಗಬೇಕಿಲ್ಲ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗ ಅಹಿಲ್ಯಾನಗರ ಎನ್ನುವ ಊರಿನಲ್ಲಿ, ನಮ್ಮ ಸೇನೆಯ ಅಶ್ವದಳದ ಟ್ಯಾಂಕ್ ಸಂಗ್ರಹಾಲಯವಿದೆ. ಎಮಿಲ್ ಅಲ್ಲಿಲ್ಲ, ಆದರೆ ಅದೇ ಕಾಲದ ಟ್ಯಾಂಕುಗಳು ಸಾಲಾಗಿ ನಿಂತಿವೆ. ಎರಕದ ಉಕ್ಕಿನ ಒರಟು, ಉರುಳಿಸಿದ ಫಲಕದ ನುಣುಪು, ಬೆಸುಗೆಯ ಏಣಿಯಂಥ ಸಾಲು ಇವುಗಳ ವ್ಯತ್ಯಾಸ ಅಲ್ಲಿ ಎರಡು ಗಂಟೆ ನಿಂತರೆ ಕಣ್ಣಿಗೆ ಇಳಿಯುತ್ತದೆ. ಛಾಯಾಚಿತ್ರಗಳಿಂದ ನಾನು ವರ್ಷಗಟ್ಟಲೆ ಕಲಿಯದ್ದನ್ನು ಅಲ್ಲಿ ಒಂದು ಬೆಳಗಿನಲ್ಲಿ ಕಲಿತೆ.

ಮೊಮ್ಮಗಳ ಪ್ರಶ್ನೆಯನ್ನು ಕೊನೆಗಿಟ್ಟದ್ದು ಅದು ಸಣ್ಣದೆಂದಲ್ಲ. ಅವಳು ಕೇಳಿದ್ದು ಸರಿಯಾಗಿದೆ. ಈ ಯಂತ್ರ ಇನ್ನೊಬ್ಬರ ನೆಲದ ಮೇಲೆ ದಂಡೆತ್ತಿ ಹೋದದ್ದು, ಅದರ ಹಿಂದಿದ್ದ ಆಡಳಿತ ಲಕ್ಷಗಟ್ಟಲೆ ನಿರಪರಾಧಿಗಳನ್ನು ಕೊಂದದ್ದು. ಸೈನಿಕರು ಈ ಎರಡು ವಾಹನಗಳನ್ನು ‘ಮ್ಯಾಕ್ಸ್’, ‘ಮೋರಿಟ್ಸ್’ ಎಂದು ಮಕ್ಕಳ ಕಥೆಯ ಇಬ್ಬರು ತುಂಟರ ಹೆಸರಿನಿಂದ ಕರೆಯುತ್ತಿದ್ದರು. ಆ ಮುದ್ದಿನ ಹೆಸರಿನಿಂದ ಅದು ಆಟಿಕೆಯಾಗುವುದಿಲ್ಲ. ನಾನು ನನ್ನ ಮನೆಯವರಿಗೆ ಹೇಳುವುದು ಇಷ್ಟು: ಇದನ್ನು ಮೆಚ್ಚಿ ಮಾಡುತ್ತಿಲ್ಲ, ನಡೆದದ್ದನ್ನು ನಡೆದ ಹಾಗೆ ತಿಳಿಯಲು ಮಾಡುತ್ತಿದ್ದೇನೆ. ನಿಖರತೆಗೆ ಇಷ್ಟು ಒದ್ದಾಡುವುದೂ ಅದಕ್ಕೇ. ನಿಮ್ಮ ಎಮಿಲ್‌ಗೆ ಯಾವ ದಿನವನ್ನು ಆರಿಸುವುದು ಎಂದು ಇನ್ನೂ ತೀರ್ಮಾನಿಸಿಲ್ಲವಾದರೆ, ಅದು ಸಿಕ್ಕಿಬಿದ್ದ ಜನವರಿಯನ್ನು ಆರಿಸಿ. ಒಳಗೆ ಯಾರೂ ಇಲ್ಲ, ಸುತ್ತ ಹಿಮ, ತೋಪು ಸುಮ್ಮನಿದೆ. ಪೀಠದ ಮೇಲಿನ ಚೀಟಿಯಲ್ಲಿ ಊರು, ತಿಂಗಳು, ಇಸವಿ ಬರೆಯುವ ಕೆಲಸವನ್ನು ಮೊಮ್ಮಗಳಿಗೆ ಕೊಡಿ, ಬರೆಯುವಾಗ ಅವಳು ಕೇಳುವುದಕ್ಕೆಲ್ಲ ಉತ್ತರ ಹೇಳಿ.

ಕೆಲಸ ಶುರುಮಾಡುವಾಗ ಒಂದು ಎಚ್ಚರಿಕೆ. ಚಕ್ರಗಳನ್ನೆಲ್ಲ ಅಂಟಿಸಿ ಆಮೇಲೆ ಬಣ್ಣ ಹೊಡೆಯಲು ಹೋಗಬೇಡಿ, ಒಳಸಾಲಿಗೆ ಏರ್‌ಬ್ರಷ್ ತಲುಪುವುದಿಲ್ಲ. ಒಳಸಾಲಿನ ಚಕ್ರಗಳಿಗೆ ಬಣ್ಣ, ಕೆಸರು ಎಲ್ಲ ಮುಗಿಸಿ ಕೂರಿಸಿದ ಮೇಲೆಯೇ ಹೊರಸಾಲು. ಲ್ಯಾಕರ್ ಬಣ್ಣವಾದರೆ ಮಳೆ ಹಿಡಿದ ದಿನ ಹೊಡೆಯಬೇಡಿ, ಗಾಳಿಯ ತೇವಕ್ಕೆ ಮೇಲ್ಮೈ ಬೆಳ್ಳಗಾಗುತ್ತದೆ. ಕಿಟಕಿ ತೆರೆದಿಟ್ಟು, ರಾಸಾಯನಿಕದ ಹಬೆ ತಡೆಯುವ ಮಾಸ್ಕ್ ಹಾಕಿಕೊಂಡೇ ಹೊಡೆಯಿರಿ. ಆ ಹೊತ್ತಿನಲ್ಲಿ ಮೊಮ್ಮಗಳು ಮಾತ್ರ ಹೊರಗಿರಲಿ.